ಅಂಡರ್‌ಗ್ರೌಂಡ್ ಕೋಣೆಯ ಗೋಡೆಗೆ ಒಳಗಿನಿಂದ ಥರ್ಮಾಕೋಲ್ ಹೊಡೆಸಬೇಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಗುಡ್ಡೆ ಕಡಿದು ಮನೆ ಕಟ್ಟುವಾಗ ಕೆಳಗೊಂದು ಕೋಣೆ ಮಾಡಿಸುವುದುಂಟು. ಮೂರು ಕಡೆ ಮಣ್ಣು, ಒಂದು ಕಡೆ ಬಾಗಿಲು. ಅಂಥದೊಂದರಲ್ಲಿ ಒಬ್ಬರು ಚಾಲಿ (ಬಿಸಿಲಿಗೆ ಒಣಗಿಸಿದ) ಅಡಿಕೆ ಇಟ್ಟಿದ್ದರು. ಕೋಣೆ ತಂಪಾಗಿರಲಿ ಎಂದು ಗುತ್ತಿಗೆದಾರ ಗೋಡೆಗೆ 25 ಮಿ.ಮೀ. ಥರ್ಮಾಕೋಲ್ ಅಂಟಿಸಿ ಮೇಲೆ ಪ್ಲೈವುಡ್ ಹೊಡೆದ. ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಗೋಡೆ ಬದಿಯ ಗೋಣಿಗಳಿಗೆಲ್ಲ ಬೂಷ್ಟು. ಪ್ಲೈವುಡ್ ಕಿತ್ತರೆ ಹಿಂಬದಿ ಮಸಿ ಬಳಿದಂತೆ ಕಪ್ಪು, ಥರ್ಮಾಕೋಲಿನ ಒಳಗೆ ಗೆದ್ದಲು ಕೊರೆದ ದಾರಿ. ಮಳೆನೀರು ಒಸರಿದ್ದು ಎಂದು ಮೇಸ್ತ್ರಿ ವಾಟರ್‌ಪ್ರೂಫ್ ಬಳಿಸಿದ. ಆ ದುಡ್ಡೂ ಹೋಯಿತು.

ಅದು ಒಸರು ಅಲ್ಲ, ಗಾಳಿಯದೇ ನೀರು. ನಮ್ಮಲ್ಲಿ ಹತ್ತಡಿ ಆಳದ ಮಣ್ಣು ವರ್ಷವಿಡೀ ಸುಮಾರು 27 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೇ ತಿಂಗಳ 33 ಡಿಗ್ರಿ ಗಾಳಿಯಲ್ಲಿ ತೇವಾಂಶ ಶೇ. 75 ಇದ್ದರೆ, 28 ಡಿಗ್ರಿಗಿಂತ ತಣ್ಣಗಿರುವ ಯಾವ ಗೋಡೆಗೆ ತಾಗಿದರೂ ಅದು ಬೆವರುತ್ತದೆ. ಬರಿಗೋಡೆಯಾದರೆ ಕೋಣೆಯ ಬಿಸಿ ಅದಕ್ಕೆ ಸ್ವಲ್ಪವಾದರೂ ತಲುಪಿ ಮೈ ಬೆಚ್ಚಗಾಗುತ್ತದೆ. 25 ಮಿ.ಮೀ. ಥರ್ಮಾಕೋಲ್ ತಡೆಯುವಷ್ಟು ಬಿಸಿಯನ್ನು ತಡೆಯಲು ಒಂದು ಮೀಟರ್ ದಪ್ಪದ ಕಾಂಕ್ರೀಟ್ ಬೇಕು! ಹಾಗಾಗಿ ಥರ್ಮಾಕೋಲಿನ ಹಿಂದಿರುವ ಗೋಡೆ ಮಣ್ಣಿನಷ್ಟೇ ತಣ್ಣಗೆ ಉಳಿಯುತ್ತದೆ. ಬಿಸಿ ನಿಂತರೂ ತೇವದ ಗಾಳಿ ಹಲಗೆಯ ಸಂದಿನಲ್ಲಿ ನುಸುಳಿ ಅಲ್ಲೇ ನೀರಾಗುತ್ತದೆ, ಒಣಗಲು ದಾರಿಯಿಲ್ಲ. ನೀರು ಇಳಿಯಲೇಬೇಕೆಂದೂ ಇಲ್ಲ, ಗೋಡೆಯ ಬಳಿ ತೇವಾಂಶ ಶೇ. 80 ದಾಟಿ ನಿಂತರೆ ಬೂಷ್ಟಿಗೆ ಅಷ್ಟು ಸಾಕು. ಗಾಳಿಯಾಡಲಿ ಎಂದು ಮಳೆಗಾಲದಲ್ಲಿ ಹಗಲೆಲ್ಲ ಬಾಗಿಲು ತೆರೆದಿಟ್ಟರೆ ಇನ್ನಷ್ಟು ತೇವವನ್ನು ಕರೆದಂತೆ.

ಕೆಲಸಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ ಗೋಡೆಗೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹನಿ ಕೋಣೆಯ ಕಡೆ ಇದ್ದರೆ ಗಾಳಿಯದು, ಹಾಳೆಯ ಹಿಂದೆ ಇದ್ದರೆ ಮಣ್ಣಿನದು. ಎರಡೂ ಕಡೆ ಇದ್ದರೆ ಎರಡೂ.

ಹೊಸದಾಗಿ ಕಟ್ಟುವವರು ಮಣ್ಣು ತುಂಬುವ ಮೊದಲೇ ಹೊರಗಿನಿಂದ ಮಾಡಿಸಿ: ವಾಟರ್‌ಪ್ರೂಫ್ ಪದರ, ಅದರ ಮೇಲೆ ನೀರು ಹೀರದ ಎಕ್ಸ್‌ಪಿಎಸ್ (ಥರ್ಮಾಕೋಲಿನಂಥದೇ, ಆದರೆ ಗಟ್ಟಿ ನೊರೆಯ) ಹಲಗೆ 50 ಮಿ.ಮೀ., ಆಮೇಲೆ ಜಲ್ಲಿ. ಪಂಚಾಂಗದ (ಅಡಿಪಾಯದ) ಮಟ್ಟದಲ್ಲಿ ತೂತಿನ ನಾಲ್ಕಿಂಚಿನ ಪೈಪು ಹಾಕಿ ಗುಡ್ಡೆಯ ಇಳಿಜಾರಿಗೆ ಬಿಡಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಎಷ್ಟೋ ಬೇಗ ಬಿಸಿ ಎಳೆಯುವುದರಿಂದ ಪೈಪು ಹಾಕದಿದ್ದರೆ ಹಲಗೆ ಹಾಕಿದ್ದರಲ್ಲೂ ಪೂರ್ತಿ ಗುಣವಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಈಗಾಗಲೇ ಎದ್ದಿದ್ದರೆ ಒಳಗೆ ಏನೂ ಮುಚ್ಚದೆ ಸುಣ್ಣದ ಗಾರೆ ಮಾತ್ರ ಸಾಕು. ಅಡಿಕೆ ಗೋಣಿ ಮರದ ಅಟ್ಟಣೆಯ ಮೇಲಿರಲಿ, ಗೋಡೆಯಿಂದ ಒಂದಡಿ ದೂರ. ಸಾಧ್ಯವಿದ್ದರೆ ಜೂನ್‌ಗೆ ಮೊದಲೇ ಮೇಲಿನ ಅಟ್ಟಕ್ಕೆ ಸಾಗಿಸಿ.