ಎಲ್ಲ ಸಾಲಕ್ಕೂ ಒಂದೇ ಕಂತು: ಯೋಜನೆ ಒಳ್ಳೆಯದೇ, ಆದರೆ ತಾರೀಖು ನೋಡಿಕೊಳ್ಳಿ

ಇದು ಸೇರಿದ ಹೊಸದರಲ್ಲಿ ಖುಷಿಯಿಂದ ಬರೆದ ವಿಮರ್ಶೆ ಅಲ್ಲ. ಸಾಲ ಒಗ್ಗೂಡಿಸುವ ಯೋಜನೆಯೊಂದರಲ್ಲಿ ವರ್ಷಗಳಿಂದ ಕಂತು ಕಟ್ಟುತ್ತಾ ಬಂದಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಸಾಲ ತೀರಿದೆ. ಸೇರುವ ಮುಂಚೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಬಡ್ಡಿ ಎಷ್ಟು ಇಳಿಯುತ್ತೆ, ಫೀ ಎಷ್ಟು. ನಾವು ಕಟ್ಟಿದ ದುಡ್ಡು ಯಾವ ದಿನ ಯಾರ ಖಾತೆಗೆ ಜಮಾ ಆಗುತ್ತೆ ಅಂತ ಯಾರೂ ಕೇಳುವುದಿಲ್ಲ, ಯೋಜನೆಯವರೂ ಹೇಳುವುದಿಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲೇ. ಅದನ್ನು ಹೇಳಬೇಕು ಅಂತಲೇ ಕೂತು ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಒಂದು ಗೊಂದಲ ಬಗೆಹರಿಯಬೇಕು. ಡೆಟ್ ಕನ್ಸಾಲಿಡೇಷನ್, ಅಂದರೆ ಸಾಲ ಒಗ್ಗೂಡಿಸುವುದು, ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವ್ಯವಹಾರ ನಡೆಯುತ್ತೆ. ಒಂದು, ಹೊಸದಾಗಿ ಒಂದು ದೊಡ್ಡ ಲೋನ್ ತೆಗೆದುಕೊಂಡು ಹಳೆಯ ಸಾಲಗಳನ್ನೆಲ್ಲ ತೀರಿಸುವುದು. ಕ್ರೆಡಿಟ್ ಸ್ಕೋರ್ ಇನ್ನೂ ಚೆನ್ನಾಗಿರುವವರಿಗೆ ಇದು ಸರಿ. ಆದರೆ ಬಿಲ್ ಕಟ್ಟಲಾಗದೆ ಒದ್ದಾಡುತ್ತಿರುವವರ ಸ್ಕೋರ್ ಅಷ್ಟು ಹೊತ್ತಿಗೆ ಬಿದ್ದಿರುತ್ತೆ, ಕಡಿಮೆ ಬಡ್ಡಿಗೆ ಯಾರು ಕೊಡುತ್ತಾರೆ? ಇನ್ನೊಂದು, ಹೊಸ ಸಾಲವೇ ಇಲ್ಲದ ದಾರಿ. ಸಾಲ ಸಲಹಾ ಸಂಸ್ಥೆಯೊಂದು ನಿಮ್ಮ ಪರವಾಗಿ ಸಾಲ ಕೊಟ್ಟವರ ಜೊತೆ ಮಾತಾಡಿ ಬಡ್ಡಿ ಇಳಿಸುತ್ತೆ, ನಿಮ್ಮಿಂದ ತಿಂಗಳಿಗೆ ಒಂದು ಮೊತ್ತ ತೆಗೆದುಕೊಂಡು ಅವರವರಿಗೆ ಹಂಚುತ್ತೆ. ನಾನು ಬಳಸುತ್ತಿರುವುದು ಇದನ್ನೇ.

ಮೂರನೆಯದು ಸೆಟಲ್‌ಮೆಂಟ್. ಅಲ್ಲಿ ಕಂತು ಕಟ್ಟುವುದನ್ನೇ ನಿಲ್ಲಿಸಿ ಅಂತಾರೆ. ಆ ದುಡ್ಡನ್ನು ಬೇರೆ ಖಾತೆಯಲ್ಲಿ ಕೂಡಿಹಾಕಿ, ಒಂದಷ್ಟು ಸೇರಿದ ಮೇಲೆ "ಇಷ್ಟು ತೆಗೆದುಕೊಂಡು ಮುಗಿಸಿ" ಅಂತ ಸಾಲ ಕೊಟ್ಟವರ ಜೊತೆ ಚೌಕಾಸಿ ಮಾಡುತ್ತಾರೆ. ಅಷ್ಟರವರೆಗೆ ಬಡ್ಡಿ ಬೆಳೆಯುತ್ತಲೇ ಇರುತ್ತೆ, ಲೇಟ್ ಫೀ ಸೇರುತ್ತಲೇ ಇರುತ್ತೆ, ಕ್ರೆಡಿಟ್ ವರದಿಯಲ್ಲಿ ಕಲೆ ಬೀಳುತ್ತೆ, ಕೋರ್ಟಿಗೆ ಹೋಗುವ ಹಕ್ಕೂ ಅವರಿಗೆ ಇರುತ್ತೆ. ಸಾಲ ಕೊಟ್ಟವರು ಒಪ್ಪಲೇಬೇಕು ಅಂತೇನೂ ಇಲ್ಲ. ಅಮೆರಿಕದಂಥ ಕಡೆ ಬಿಟ್ಟುಕೊಟ್ಟ ಮೊತ್ತವನ್ನೇ ಆದಾಯ ಅಂತ ಲೆಕ್ಕ ಹಾಕಿ ತೆರಿಗೆ ಕೇಳುವುದೂ ಇದೆ. ಈ ವ್ಯವಹಾರದಲ್ಲಿ ಎಷ್ಟು ಜನ ಮೋಸ ಹೋದರು ಅಂದರೆ, ಫೋನಿನಲ್ಲಿ ಈ ಸೇವೆ ಮಾರುವ ಕಂಪನಿಗಳು ಒಂದು ಸಾಲವಾದರೂ ಇತ್ಯರ್ಥ ಆಗುವ ಮುಂಚೆ ಫೀ ತೆಗೆದುಕೊಳ್ಳುವಂತಿಲ್ಲ ಅಂತ 2010ರಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ನಿಯಮವನ್ನೇ ತಂದಿತು. ಹಾಗಾಗಿ ಯಾರಾದರೂ ಫೋನ್ ಮಾಡಿ "ನಿಮ್ಮ ಸಾಲ ಅರ್ಧ ಮಾಡಿಕೊಡ್ತೀವಿ, ಮೊದಲು ನೋಂದಣಿ ಫೀ ಕಟ್ಟಿ" ಅಂದರೆ ಫೋನ್ ಇಟ್ಟುಬಿಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನು ನನ್ನ ಯೋಜನೆಗೆ ಬರುತ್ತೇನೆ. ಕೌನ್ಸೆಲರ್ ಮೊದಲು ಮಾಡಿದ್ದು ಆದಾಯ, ಖರ್ಚು, ಯಾರಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಸಿದ್ದು. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ತರಹದ ಅಡಮಾನ ಇಲ್ಲದ ಸಾಲಗಳು ಮಾತ್ರ ಒಳಗೆ ಬಂದವು. ಮನೆ ಸಾಲ, ಗಾಡಿ ಸಾಲ ಇದರಲ್ಲಿ ಸೇರುವುದಿಲ್ಲ, ಏಕೆಂದರೆ ಅಲ್ಲಿ ಕೊಟ್ಟವರ ಕೈಯಲ್ಲಿ ಆಸ್ತಿಯೇ ಇರುತ್ತೆ. ಯೋಜನೆಗೆ ಸೇರಿಸಿದ ಕಾರ್ಡುಗಳನ್ನು ನಿಲ್ಲಿಸಿದರು. ಮುಗಿಯುವವರೆಗೂ ಹೊಸ ಸಾಲ ಮಾಡುವಂತಿಲ್ಲ. ಇಂಥ ಯೋಜನೆಗಳು ಸಾಮಾನ್ಯವಾಗಿ 3ರಿಂದ 5 ವರ್ಷ ನಡೆಯುತ್ತವೆ. ಇದೆಲ್ಲ ಎಲ್ಲ ಕಡೆ ಸಿಗುವ ಮಾಹಿತಿ, ಜಾಸ್ತಿ ಬೆಳೆಸುವುದಿಲ್ಲ.

ಸಾಲ ಕೊಟ್ಟವರು ಬಡ್ಡಿ ಇಳಿಸಲು ಯಾಕೆ ಒಪ್ಪುತ್ತಾರೆ ಅನ್ನುವುದು ನನಗೂ ಮೊದಲು ಅರ್ಥ ಆಗಿರಲಿಲ್ಲ. ಕಾರಣ ಸರಳ. ಪೂರ್ತಿ ಮುಳುಗುವ ಸಾಲಕ್ಕಿಂತ ಕಡಿಮೆ ಬಡ್ಡಿಯಲ್ಲಿ ವಾಪಸ್ ಬರುವ ಅಸಲು ಅವರಿಗೆ ಲಾಭ. ಕೆಲವು ಕಡೆ ಸಲಹಾ ಸಂಸ್ಥೆಗಳ ಖರ್ಚಿನ ಒಂದು ಪಾಲನ್ನು ಸಾಲ ಕೊಟ್ಟವರೇ ಭರಿಸುತ್ತಾರೆ. ಇದು ನಿಮಗೆ ಗೊತ್ತಿರಬೇಕು. ಸಂಸ್ಥೆ ನಿಮ್ಮ ಪರವೇ, ಆದರೆ ಬರೀ ನಿಮ್ಮ ಪರ ಮಾತ್ರ ಅಲ್ಲ.

ಬಡ್ಡಿ ಇಳಿದರೆ ಏನಾಗುತ್ತೆ ಅಂತ ಒಂದು ಲೆಕ್ಕ ಕೊಡುತ್ತೇನೆ. ಒಂದು ಲಕ್ಷ ಬಾಕಿ, ವರ್ಷಕ್ಕೆ ಶೇ. 36 ಬಡ್ಡಿ, ಅಂದರೆ ತಿಂಗಳಿಗೆ ಶೇ. 3. ತಿಂಗಳಿಗೆ 5,000 ಕಟ್ಟಿದರೆ ಮೊದಲ ತಿಂಗಳು 3,000 ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರುವುದು 2,000 ಮಾತ್ರ. ಹೀಗೇ ಕಟ್ಟುತ್ತಾ ಹೋದರೆ ತೀರಲು ಸುಮಾರು 31 ತಿಂಗಳು ಬೇಕು, ಒಟ್ಟು ಕಟ್ಟಿದ್ದು ಒಂದೂವರೆ ಲಕ್ಷ ದಾಟುತ್ತೆ. ಅದೇ ಬಡ್ಡಿ ಶೇ. 12ಕ್ಕೆ ಇಳಿದರೆ ಮೊದಲ ತಿಂಗಳೇ 4,000 ಅಸಲಿಗೆ ಹೋಗುತ್ತೆ, 23ನೇ ತಿಂಗಳಲ್ಲಿ ಸಾಲ ಮುಗಿಯುತ್ತೆ, ಒಟ್ಟು ಸುಮಾರು 1,12,000. ಕಟ್ಟುವ ಕಂತು ಅಷ್ಟೇ, ಫಲ ಮಾತ್ರ ಬೇರೆ. ಬರೀ ಮಿನಿಮಮ್ ಡ್ಯೂ, ಅಂದರೆ ಕಾರ್ಡಿನ ಬಿಲ್ಲಿನಲ್ಲಿ ಕೇಳುವ ಕನಿಷ್ಠ ಮೊತ್ತ, ಕಟ್ಟುತ್ತಾ ಕೂರುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತ ಆಗ ಅರ್ಥವಾಗುತ್ತೆ.

ಒಂದೇ ದೊಡ್ಡ ಲೋನ್ ತೆಗೆದುಕೊಳ್ಳುವ ಯೋಚನೆ ಇರುವವರಿಗೂ ಒಂದು ಮಾತು. ಕಂತು ಚಿಕ್ಕದಾಯಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಒಂದು ಲಕ್ಷವನ್ನು ಶೇ. 18ರಲ್ಲಿ 2 ವರ್ಷಕ್ಕೆ ತೀರಿಸಿದರೆ ಬಡ್ಡಿ 20,000ದ ಹತ್ತಿರ ಆಗುತ್ತೆ. ಅದೇ ಲಕ್ಷವನ್ನು ಶೇ. 14ಕ್ಕೆ ಇಳಿಸಿ 5 ವರ್ಷಕ್ಕೆ ಎಳೆದರೆ ಬಡ್ಡಿ 39,000 ದಾಟುತ್ತೆ. ದರ ಇಳಿಯಿತು, ಕಂತು ಅರ್ಧಕ್ಕಿಂತ ಕಡಿಮೆಯಾಯಿತು, ಆದರೆ ಜೇಬಿನಿಂದ ಹೋಗುವ ಬಡ್ಡಿ ಹೆಚ್ಚುಕಮ್ಮಿ ದುಪ್ಪಟ್ಟು. ದರ ಕೇಳುವಾಗ ಅವಧಿಯನ್ನೂ ಕೇಳಿ. ಪ್ರೊಸೆಸಿಂಗ್ ಫೀ ಇದ್ದರೆ ಅದನ್ನೂ ಸೇರಿಸಿ.

ಶುರುವಿನ ತಿಂಗಳುಗಳಲ್ಲಿ ನನಗೆ ಸಿಕ್ಕ ದೊಡ್ಡ ನೆಮ್ಮದಿ ಫೋನಿನದು. ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೇ ಶುರುವಾಗುತ್ತಿದ್ದ ವಸೂಲಿ ಕರೆಗಳು ಒಂದೊಂದಾಗಿ ಕಡಿಮೆಯಾದವು. ಒಂದೇ ದಿನ ನಿಲ್ಲುವುದಿಲ್ಲ, ಗಮನಿಸಿ. ಬಡ್ಡಿ ಇಳಿಸುವ ಪ್ರಸ್ತಾವ ಸಾಲ ಕೊಟ್ಟ ಒಬ್ಬೊಬ್ಬರಿಗೂ ಬೇರೆ ಬೇರೆ ಹೋಗುತ್ತೆ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಒಪ್ಪುತ್ತಾರೆ, ಅಲ್ಲಿಯವರೆಗೆ ಕರೆ ಬರುತ್ತಲೇ ಇರುತ್ತೆ. ಆದರೂ ಗೊತ್ತಿಲ್ಲದ ನಂಬರ್ ಕಂಡರೆ ಎದೆ ಧಸಕ್ ಅನ್ನುವುದು ನಿಂತಿತಲ್ಲ, ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

ಆಮೇಲೆ ಬಂತು ತಾರೀಖಿನ ಗೋಳು.

ಇದು ಹೇಗೆ ಆಗುತ್ತೆ ಅಂತ ನಿಧಾನವಾಗಿ ಹೇಳುತ್ತೇನೆ. ಯೋಜನೆಯವರು ತಿಂಗಳ ಒಂದು ದಿನ ನನ್ನ ಖಾತೆಯಿಂದ ದುಡ್ಡು ತೆಗೆಯುತ್ತಾರೆ. ಅದು ಅವರ ಖಾತೆಯಲ್ಲಿ ಪಕ್ಕಾ ಆಗಲು ಕೆಲವು ದಿನ. ಆಮೇಲೆ ಅವರ ಹಂಚಿಕೆಯ ದಿನ ಬರಬೇಕು, ಅದು ಅವರ ಅನುಕೂಲದ ದಿನ. ಹಂಚಿದ ಮೇಲೆ ಸಾಲ ಕೊಟ್ಟವರು ಜಮಾ ಮಾಡಿಕೊಳ್ಳಲು ಮತ್ತೆ ಒಂದೆರಡು ದಿನ. ನಡುವೆ ರಜೆ ಬಂದರೆ ಇನ್ನೂ ತಡ. ಇತ್ತ ನನ್ನ ಒಂದೊಂದು ಸಾಲಕ್ಕೂ ಕೊನೇ ದಿನ ಬೇರೆ ಬೇರೆ. ಒಬ್ಬರ ಕೊನೇ ದಿನ ತಿಂಗಳ ಮೊದಲ ವಾರದಲ್ಲೇ ಇತ್ತು. ನಾನು ದುಡ್ಡು ಕಟ್ಟಿದ್ದು ಸರಿಯಾದ ದಿನಕ್ಕೇ. ಆದರೆ ಅವರ ಲೆಕ್ಕದಲ್ಲಿ ಅದು ತಡ. ಲೇಟ್ ಫೀ ಬಿತ್ತು. ಮುಂದಿನ ತಿಂಗಳೂ ಬಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ತಡ ಆಯಿತು ಅನ್ನುವ ಕಾರಣಕ್ಕೆ ಅವರು ಇಳಿಸಿದ್ದ ಬಡ್ಡಿಯನ್ನು ಹಳೇ ದರಕ್ಕೆ ಏರಿಸಿಬಿಟ್ಟರು. ರಿಯಾಯಿತಿ ಬಡ್ಡಿ ಅನ್ನುವುದು ಒಂದು ಕಂತೂ ತಪ್ಪದೆ ಕಟ್ಟುವವರಿಗೆ ಮಾತ್ರ ಅಂತ ಒಪ್ಪಂದದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ತಪ್ಪಿಸಿದ್ದು ಯಾರು ಅಂತ ಅದು ಕೇಳುವುದಿಲ್ಲ.

ಯೋಜನೆಯವರಿಗೆ ಫೋನ್ ಮಾಡಿದೆ. "ಮೇಡಂ, ನಮ್ಮ ಕಡೆಯಿಂದ ಹೋಗಿದೆ, ಅವರು ಜಮಾ ಮಾಡಿಕೊಂಡಿಲ್ಲ, ನೀವು ಅವರನ್ನೇ ಕೇಳಿ" ಅಂದರು. ಸಾಲ ಕೊಟ್ಟವರನ್ನು ಕೇಳಿದರೆ, "ನೀವು ಯೋಜನೆಯಲ್ಲಿದ್ದೀರಿ, ನಾವು ನಿಮ್ಮ ಜೊತೆ ನೇರವಾಗಿ ಮಾತಾಡುವಂತಿಲ್ಲ, ಅವರಿಗೇ ಹೇಳಿ." ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಫೀ ಮಾತ್ರ ನನ್ನ ತಲೆ ಮೇಲೇ ಉಳಿಯಿತು. ಬಿಲ್ ಕಟ್ಟಲಾಗದೆ ಸಹಾಯ ಕೇಳಿಕೊಂಡು ಬಂದವರಿಗೆ ಲೇಟ್ ಫೀ ಬೀಳುವ ಹಾಗೆ ವ್ಯವಸ್ಥೆ ಮಾಡುವುದು ಯಾವ ನ್ಯಾಯ? ಸೇರುವ ದಿನ ಅವರ ಕೈಯಲ್ಲೇ ನನ್ನ ಎಲ್ಲ ಸ್ಟೇಟ್‌ಮೆಂಟ್ ಇದ್ದವು. ಪ್ರತಿಯೊಂದರಲ್ಲೂ ಕೊನೇ ದಿನ ಅಚ್ಚಾಗಿರುತ್ತೆ. ಅದನ್ನು ತಮ್ಮ ಹಂಚಿಕೆ ದಿನದ ಪಕ್ಕ ಇಟ್ಟು ನೋಡಲು ಹತ್ತು ನಿಮಿಷ ಸಾಕಿತ್ತು.

ಅಲ್ಲಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ತಿಂಗಳ ಕೊನೆಯಲ್ಲಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಅದನ್ನು ತೆಗೆದು ಕೂರುವುದು ಈಗ ರೂಢಿ. ಎಡ ಪುಟದಲ್ಲಿ ಸ್ಕೇಲ್ ಇಟ್ಟು ಐದು ಕಾಲಂ ಎಳೆದಿದ್ದೇನೆ: ಸಾಲ ಯಾರದು, ಎಷ್ಟು ಕಳಿಸಿದರು, ಯಾವತ್ತು ಕಳಿಸಿದರು, ಯಾವತ್ತು ಜಮಾ ಆಯಿತು, ಅಸಲು ಎಷ್ಟು ಉಳಿಯಿತು. ಯೋಜನೆಯವರ ಸ್ಟೇಟ್‌ಮೆಂಟ್ ಒಂದು ಕಡೆ, ಸಾಲ ಕೊಟ್ಟವರ ಸ್ಟೇಟ್‌ಮೆಂಟ್ ಇನ್ನೊಂದು ಕಡೆ. ಎರಡೂ ತಾಳೆಯಾದರೆ ನೀಲಿ ಪೆನ್ನಿನಲ್ಲಿ ಒಂದು ಟಿಕ್. ಆಗದಿದ್ದರೆ ಬಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಯಾರ ಜೊತೆ ಮಾತಾಡಿದೆ, ಅವರು ಏನಂದರು, ದೂರಿನ ನಂಬರ್ ಏನು. ಪೆನ್ಸಿಲ್ ಯಾಕೆ ಅಂದರೆ ಬಗೆಹರಿದ ದಿನ ಅಳಿಸಬೇಕು. ಹಾಗೆ ಅಳಿಸುವಾಗ ಸಿಗುವ ಸಮಾಧಾನ ಇದೆಯಲ್ಲ, ಅದಕ್ಕೋಸ್ಕರವೇ ಪೆನ್ಸಿಲ್.

ಈ ನೋಟ್‌ಬುಕ್‌ನಿಂದ ನಾನು ಎಣಿಸದೇ ಇದ್ದ ಒಂದು ಸಂತೋಷವೂ ಸಿಕ್ಕಿತು. ಐದನೇ ಕಾಲಂ. ಮೊದಮೊದಲು ಅಸಲು ಅಲುಗಾಡಿದಂತೆಯೇ ಕಾಣುತ್ತಿರಲಿಲ್ಲ. ಆಮೇಲೆ ಪ್ರತಿ ತಿಂಗಳೂ ಇಳಿಯುವ ಮೊತ್ತ ಸ್ವಲ್ಪ ಸ್ವಲ್ಪ ಜಾಸ್ತಿಯಾಗತೊಡಗಿತು, ಏಕೆಂದರೆ ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತೆ, ಕಂತು ಅಷ್ಟೇ ಇರುತ್ತೆ. ಅತಿ ಚಿಕ್ಕ ಸಾಲ ತೀರಿದ ತಿಂಗಳು ಆ ಸಾಲಿನಲ್ಲಿ ಸೊನ್ನೆ ಬರೆದೆ. ಅದರ ಪಾಲಿನ ದುಡ್ಡನ್ನು ನನ್ನ ಯೋಜನೆಯವರು ಜಾಸ್ತಿ ಬಡ್ಡಿ ಇರುವ ಇನ್ನೊಂದು ಸಾಲಕ್ಕೆ ತಿರುಗಿಸಿದರು, ಅದೂ ಬೇಗ ಕರಗತೊಡಗಿತು. ಈ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಕೆಲವರು ಹೀಗೆ ಮಾಡುವುದಿಲ್ಲ, ಎಲ್ಲರಿಗೂ ಸಮನಾಗಿ ಹಂಚಿಬಿಡುತ್ತಾರೆ. ಸೇರುವ ಮುಂಚೆ ಇದನ್ನು ಕೇಳಿಕೊಳ್ಳಿ.

ತಾರೀಖಿನ ವಿಷಯಕ್ಕೆ ವಾಪಸ್. ಫೋನ್ ಬಿಟ್ಟು ಕಾಗದದ ದಾರಿ ಹಿಡಿದೆ. ನೋಟ್‌ಬುಕ್‌ನ ಪುಟಗಳ ಫೋಟೋ ತೆಗೆದು, ಯಾವ ದಿನ ದುಡ್ಡು ಹೋಯಿತು, ಯಾವ ದಿನ ಹಂಚಿದರು, ಯಾವ ದಿನ ಜಮಾ ಆಯಿತು ಅಂತ ಸಾಲಾಗಿ ಬರೆದು ಇಬ್ಬರಿಗೂ ಒಂದೇ ಪತ್ರ ಕಳಿಸಿದೆ. ಈ ಸಲ ಕೆಲಸ ಆಯಿತು. ಯೋಜನೆಯ ಮೇಲಧಿಕಾರಿಯೇ ಫೋನ್ ಮಾಡಿದರು, "ಇಷ್ಟು ಸ್ಪಷ್ಟವಾಗಿ ಯಾರೂ ಬರೆದು ಕಳಿಸಲ್ಲ ಮೇಡಂ" ಅಂದರು. ಹಾಗೆ ಬರೆಯುವ ಕೆಲಸ ನನ್ನದಾಗಬಾರದಿತ್ತು ಅಂತ ಅವರಿಗೆ ನೇರವಾಗಿಯೇ ಹೇಳಿದೆ, ಅವರೂ ಒಪ್ಪಿದರು. ಸಾಲ ಕೊಟ್ಟವರಲ್ಲಿ ಇಬ್ಬರು ಕೊನೇ ದಿನವನ್ನು ಮುಂದಕ್ಕೆ ಹಾಕಿಕೊಟ್ಟರು. ಏರಿದ್ದ ಬಡ್ಡಿ ಮತ್ತೆ ಇಳಿಯಿತು. ಒಬ್ಬರು ಮಾತ್ರ ತಾರೀಖು ಬದಲಿಸಲು ಒಪ್ಪಲಿಲ್ಲ, ಹಾಗಾಗಿ ಯೋಜನೆಯವರು ನನ್ನ ಖಾತೆಯಿಂದ ದುಡ್ಡು ತೆಗೆಯುವ ದಿನವನ್ನೇ ಹಿಂದಕ್ಕೆ ತಂದರು. ಸಂಬಳ ಬಂದ ಮಾರನೇ ದಿನವೇ ಕಂತು ಹೋಗುತ್ತೆ. ತಿಂಗಳ ಶುರುವಿನಲ್ಲಿ ಕೈ ಸ್ವಲ್ಪ ಬಿಗಿ, ಆದರೆ ಉಳಿದದ್ದೆಲ್ಲ ನನ್ನದೇ ಅಂತ ಗೊತ್ತಿರುತ್ತೆ.

ಯಾರಿಗೆ ಇದು ಸರಿ? ತಿಂಗಳಿಗೆ ಒಂದು ಆದಾಯ ಖಚಿತವಾಗಿ ಬರುವವರಿಗೆ. ಮನೆ ಖರ್ಚು ಕಳೆದು ಏನಾದರೂ ಉಳಿಯುವವರಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಸುಮ್ನೆ ಉಪದೇಶ ಮಾಡುವವರ ಮಾತು ಬಿಡಿ, ಎಷ್ಟೋ ಸಲ ಕಾಯಿಲೆ ಬಿದ್ದು, ಕೆಲಸ ಹೋಗಿ ಸಾಲ ಬೆಳೆಯುತ್ತೆ. ಆದರೆ ಕಂತು ಕಟ್ಟುವಷ್ಟೂ ಉಳಿಯದವರಿಗೆ ಈ ಯೋಜನೆ ಪ್ರಯೋಜನ ಇಲ್ಲ. ಅಂಥವರು ಕಾನೂನಿನಲ್ಲಿ ಬೇರೆ ದಾರಿ ಇದೆಯಾ ಅಂತ ಮೊದಲು ವಿಚಾರಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿಂದ ಇಂಥವರಿಗೆ 60 ದಿನ ಉಸಿರಾಡಲು ಅವಕಾಶ ಕೊಡುವ ವ್ಯವಸ್ಥೆ ಇದೆ. ಆ ಅವಧಿಯಲ್ಲಿ ಅದರಡಿ ಬರುವ ಸಾಲಗಳ ಮೇಲೆ ಬಡ್ಡಿ, ಫೀ, ವಸೂಲಿ ಎಲ್ಲ ಬಹುಮಟ್ಟಿಗೆ ನಿಲ್ಲುತ್ತೆ. ಎಲ್ಲ ಕಡೆ ಇಂಥದ್ದು ಇರಬೇಕು ಅನ್ನುವುದು ನನ್ನ ಆಸೆ.

ಸೇರುವವರು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಹಂಚಿಕೆಯ ದಿನವನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಸಾಲ ಕೊಟ್ಟವರು ಒಪ್ಪಿದ ಪತ್ರ ನಿಮ್ಮ ಕೈಗೆ ಬರುವವರೆಗೆ ಅವರಿಗೆ ನೀವೇ ನೇರವಾಗಿ ಕಟ್ಟುತ್ತಿರಿ. ಹಳೇ ಆಟೋ ಡೆಬಿಟ್ ಆಮೇಲೆ ನಿಲ್ಲಿಸಿ, ಇಲ್ಲದಿದ್ದರೆ ಒಂದೇ ತಿಂಗಳು ಎರಡು ಸಲ ದುಡ್ಡು ಹೋಗುತ್ತೆ.

ನಾನು ಕೊಡುವುದು ಐದಕ್ಕೆ ನಾಲ್ಕು. ಒಂದು ಕಡಿಮೆಯಾಗಿದ್ದು ತಾರೀಖಿಗೆ. ಮೊದಲ ಸಲ ಬಿದ್ದ ಲೇಟ್ ಫೀ ಇನ್ನೂ ವಾಪಸ್ ಬಂದಿಲ್ಲ, ಬಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಹಾಗೇ ಇದೆ. ಮತ್ತೆ ಪತ್ರ ಬರೆದಿದ್ದೇನೆ. ದುಡ್ಡು ಬಂದರೆ ಈ ವಿಮರ್ಶೆಗೆ ಸೇರಿಸುತ್ತೇನೆ.