ಹೈಬ್ರಿಡ್, ವಿದ್ಯುತ್, ಪೆಟ್ರೋಲ್: ಮೂರನ್ನೂ ಓಡಿಸಿ ನೋಡಿದ ಮೇಲೆ

ನಗರದ ದಟ್ಟಣೆ, ಬೆಟ್ಟದ ತಿರುವು, ಹೆದ್ದಾರಿ ಈ ಮೂರು ಕಡೆಯೂ ಮೂರು ಬಗೆಯ ಕಾರುಗಳನ್ನು ಓಡಿಸಿದ್ದೇನೆ. ಇಲ್ಲಿ ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇದ್ದು, ಆ ಮೋಟರಿನ ಬಲದಿಂದಲೇ ಸ್ವಲ್ಪ ದೂರ ಚಲಿಸಬಲ್ಲ ಪೂರ್ಣ ಹೈಬ್ರಿಡ್. ಎಂಜಿನ್‌ಗೆ ಒತ್ತಾಸೆ ಮಾತ್ರ ಕೊಡುವ 48 ವೋಲ್ಟಿನ ಮೈಲ್ಡ್ ಹೈಬ್ರಿಡ್‌ಗಳನ್ನು ನಾನು ಪೆಟ್ರೋಲ್ ಕಾರುಗಳ ಸಾಲಿಗೇ ಸೇರಿಸುತ್ತೇನೆ.

ದಟ್ಟಣೆಯಲ್ಲಿ ಪೆಟ್ರೋಲ್ ಕಾರಿಗೆ ಉಳಿಗಾಲವಿಲ್ಲ. ಇಂಧನದ ಬಹುಪಾಲು ಶಕ್ತಿ ಶಾಖವಾಗಿ ಹೋಗುತ್ತದೆ. ಚಕ್ರಕ್ಕೆ ತಲುಪಿದ್ದನ್ನೂ ಪ್ರತಿ ಸಿಗ್ನಲ್ಲಿನಲ್ಲಿ ಬ್ರೇಕ್ ನುಂಗುತ್ತದೆ. ಹೈಬ್ರಿಡ್‌ನಲ್ಲಿ ನಿಧಾನವಾಗಿ ತೆವಳುವಾಗ ಎಂಜಿನ್ ಸುಮ್ಮನಿರುತ್ತದೆ, ವೇಗ ತಗ್ಗಿಸಿದಾಗ ಮೋಟರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ. ಮೈಲೇಜಿನ ವ್ಯತ್ಯಾಸ ಮೊದಲ ಟ್ಯಾಂಕಿನಲ್ಲೇ ಕಾಣಿಸಿತು. ವಿದ್ಯುತ್ ಕಾರು ಇದಕ್ಕಿಂತಲೂ ನಯ: ಕಂಪನವಿಲ್ಲ, ಗೇರಿಲ್ಲ, ಬ್ರೇಕ್ ಪೆಡಲ್ ಮುಟ್ಟುವುದೇ ಅಪರೂಪ.

ಆದರೆ ನಿಜವಾದ ಪರೀಕ್ಷೆ ನಡೆದದ್ದು ಬೆಟ್ಟದಲ್ಲಿ. ಹೈಬ್ರಿಡ್ ಬ್ಯಾಟರಿಯ ಸಾಮರ್ಥ್ಯ ಸಾಮಾನ್ಯವಾಗಿ ಒಂದೆರಡು ಕಿಲೋವ್ಯಾಟ್ ಅವರ್ (ಕರೆಂಟ್ ಬಿಲ್ಲಿನ ಒಂದೆರಡು ಯೂನಿಟ್) ಅಷ್ಟೇ. ಉದ್ದನೆಯ ಏರಿನ ಅರ್ಧದಲ್ಲೇ ಅದು ಬರಿದಾಯಿತು. ಆಮೇಲೆ ಸಣ್ಣ ಎಂಜಿನ್ ಒಂದೇ ಸಮನೆ ಏರುದನಿಯಲ್ಲಿ ಮೊರೆಯುತ್ತಾ ಕಾರನ್ನು ಎಳೆಯಿತು. ಇಳಿಯುವಾಗ ತದ್ವಿರುದ್ಧ: ಕೆಲವೇ ತಿರುವುಗಳಲ್ಲಿ ಬ್ಯಾಟರಿ ತುಂಬಿತು, ಅಲ್ಲಿಂದ ಮುಂದೆ ಸಿಗಬಹುದಾಗಿದ್ದ ಶಕ್ತಿಯೆಲ್ಲ ವ್ಯರ್ಥ. ವಿದ್ಯುತ್ ಕಾರು ಅದೇ ಏರನ್ನು ಸದ್ದಿಲ್ಲದೆ ಹತ್ತಿತು, ಇಳಿಜಾರಿನ ಕೊನೆಯ ತನಕವೂ ಚಾರ್ಜ್ ಮರಳಿ ಪಡೆಯುತ್ತಲೇ ಬಂತು. ಆ ದಾರಿಯಲ್ಲಿ ನನ್ನ ಮನಸ್ಸು ಗೆದ್ದದ್ದು ಅದೇ.

ಹೆದ್ದಾರಿಯಲ್ಲಿ ಲೆಕ್ಕ ಬದಲಾಗುತ್ತದೆ. ಒಂದೇ ವೇಗದಲ್ಲಿ ಓಡುವಾಗ ಬ್ರೇಕಿನಿಂದ ಉಳಿಸಲು ಏನೂ ಇರುವುದಿಲ್ಲವಾದ್ದರಿಂದ ಪೆಟ್ರೋಲ್ ಕಾರು ಹೈಬ್ರಿಡ್‌ನ ಹತ್ತಿರ ಬರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ಅನುಗುಣವಾಗಿ ಏರುತ್ತದೆ. ಅದರ ಪೆಟ್ಟು ವಿದ್ಯುತ್ ಕಾರು ಒಂದು ಚಾರ್ಜಿನಲ್ಲಿ ಸಾಗುವ ದೂರದ ಮೇಲೆ ಎದ್ದು ಕಾಣುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಕಿಲೋವ್ಯಾಟ್ ಅವರ್ ಶಕ್ತಿಯಿದೆ. 40 ಲೀಟರಿನ ಟ್ಯಾಂಕ್ ಎಂದರೆ 360. ಅದರ ಆರನೇ ಒಂದು ಭಾಗವನ್ನು, ಅಂದರೆ 60ನ್ನು ಹೊತ್ತ ವಿದ್ಯುತ್ ಕಾರು ಅರ್ಧದಷ್ಟಾದರೂ ದೂರ ಸಾಗುತ್ತದೆ ಎಂಬುದು ಮೋಟರಿನ ದಕ್ಷತೆಗೆ ಸಾಕ್ಷಿ. ಆದರೂ ವೇಗದ ಚಾರ್ಜರ್‌ನಲ್ಲಿ ಸುಮಾರು ಶೇ 80 ದಾಟಿದ ಮೇಲೆ ಚಾರ್ಜಿಂಗ್ ಕುಂಟುತ್ತದೆ. ಒಂದು ಕಡೆ ಚಾರ್ಜರ್ ಕೆಟ್ಟು ನಿಂತಿತ್ತು. ಮಕ್ಕಳನ್ನು ಕೂರಿಸಿಕೊಂಡು ಇನ್ನೊಂದನ್ನು ಹುಡುಕುವ ಆತಂಕ ಪೆಟ್ರೋಲ್ ಕಾರಿನಲ್ಲಿ ನನಗೆ ಎಂದೂ ಆಗಿರಲಿಲ್ಲ.

ಹೊರಗಿನಿಂದಲೂ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ಕಾಗದದ ಮೇಲೆ ವಿದ್ಯುತ್, ಪೆಟ್ರೋಲ್ ಎರಡರ ಗುಣವನ್ನೂ ಕೊಡುತ್ತದೆ, ಆದರೆ ಚಾರ್ಜ್ ಮಾಡುವವರಿಗೆ ಮಾತ್ರ. ನಿಜ ಬಳಕೆಯಲ್ಲಿ ಅವುಗಳ ಇಂಗಾಲದ ಉಗುಳುವಿಕೆ ಪ್ರಯೋಗಾಲಯದ ಅಂಕಿಗಿಂತ ಸರಾಸರಿ 3.5 ಪಟ್ಟು ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಮಾಡಿತು.

1997ರಲ್ಲಿ ಟೊಯೊಟಾ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗಿನಿಂದಲೂ ಹೈಬ್ರಿಡ್ ಬರೀ ನಡುವಣ ಹಂತ ಎನ್ನುವವರಿದ್ದಾರೆ. ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ ಅದು. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾದ ಸಾಮರ್ಥ್ಯದಲ್ಲಿ ಹತ್ತಾರು ಹೈಬ್ರಿಡ್‌ಗಳು ತಯಾರಾಗುತ್ತವೆ. ಚಾರ್ಜರ್ ಇಲ್ಲದ ಕಡೆಯೂ ಅವು ಇಂದೇ ಪೆಟ್ರೋಲ್ ಉಳಿಸುತ್ತವೆ. ಮೊದಲು ಮರೆಯಾಗುವುದು ಶುದ್ಧ ಪೆಟ್ರೋಲ್ ಕಾರು ಎಂದೇ ನನ್ನ ಅಂದಾಜು. ಹೈಬ್ರಿಡ್‌ನಲ್ಲಿ ಬ್ಯಾಟರಿ ಹಿಗ್ಗುತ್ತಾ ಹೋಗಿ, ಎಂಜಿನ್ ಬರೀ ವಿದ್ಯುತ್ ತಯಾರಿಸುವ ಕೆಲಸಕ್ಕೆ ಇಳಿಯುತ್ತದೆ. ಚೀನಾದಲ್ಲಿ ಅಂಥ ಕಾರುಗಳು ಈಗಾಗಲೇ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗುತ್ತಿವೆ.

ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಪ್ಲಗ್ ಇರುವವರಿಗೆ ನಾನು ವಿದ್ಯುತ್ ಕಾರನ್ನೇ ಹೇಳುತ್ತೇನೆ. ನಮ್ಮ ಕಟ್ಟಡದಲ್ಲಿ ಅದಿನ್ನೂ ಇಲ್ಲ, ಹಾಗಾಗಿ ಸದ್ಯಕ್ಕೆ ನನ್ನ ಆಯ್ಕೆ ಹೈಬ್ರಿಡ್. ಪ್ಲಗ್ ಹಾಕಿಸಲು ನೆರೆಯವರೊಂದಿಗೆ ಮಾತುಕತೆ ನಡೆದಿದೆ.