ಎಚ್‌ವಿಡಿಸಿ ಲೈನಿನ ಫಾಲ್ಟ್ ಹುಡುಕಲು ಒಂದು ತುದಿ ಸಾಕೇ, ಎರಡೂ ಬೇಕೇ?

ಎಚ್‌ವಿಡಿಸಿ ಅಂದರೆ ಹೈ ವೋಲ್ಟೇಜ್ ಡಿಸಿ, ಒಂದೇ ದಿಕ್ಕಿನ ಕರೆಂಟನ್ನು ದೂರಕ್ಕೆ ಒಯ್ಯುವ ಲೈನ್. ಅದರಲ್ಲಿ ಎಲ್ಲೋ ತಂತಿ ನೆಲಕ್ಕೆ ತಾಗಿದಂಥ ದೋಷವೇ ಫಾಲ್ಟ್. ಚೀನಾದ ಚಾಂಗ್ಜಿ–ಗುಚುವಾನ್ ಲೈನ್ ±1,100 ಕೆವಿಯದು, ಉದ್ದ ಸುಮಾರು 3,300 ಕಿ.ಮೀ. ಅಂಥ ಕಡೆ ಲೈನಿನ ಉದ್ದದ ಶೇ. 1ರಷ್ಟು ಲೆಕ್ಕ ತಪ್ಪಿದರೂ 33 ಕಿ.ಮೀ. ಹೆಚ್ಚುಕಮ್ಮಿ. ಅಷ್ಟೂ ಟವರ್‌ಗಳ ಇನ್ಸುಲೇಟರ್ ನೋಡುತ್ತಾ ಹೋಗಬೇಕು. ಆದ್ದರಿಂದ ಫಾಲ್ಟ್ ಲೊಕೇಟರ್ ಯಾವ ವಿಧಾನದ್ದು ಅನ್ನೋದು ಸಣ್ಣ ಪ್ರಶ್ನೆಯಲ್ಲ.

ಎಸಿ ಲೈನಿನಲ್ಲಿ 50 ಹರ್ಟ್ಜ್ ವೋಲ್ಟೇಜು, ಕರೆಂಟಿನಿಂದ ಇಂಪೆಡೆನ್ಸ್ (ಕರೆಂಟಿಗೆ ಲೈನ್ ಒಡ್ಡುವ ತಡೆ) ತೆಗೆದು ದೂರ ಹೇಳಬಹುದು. ಡಿಸಿಯಲ್ಲಿ ಆ 50 ಹರ್ಟ್ಜೇ ಇಲ್ಲ. ಮೇಲಾಗಿ ತುದಿಯಲ್ಲಿ ಎಸಿ–ಡಿಸಿ ಬದಲಿಸುವ ಕನ್ವರ್ಟರ್‌ನ ಕಂಟ್ರೋಲ್ ತಕ್ಷಣ ಕರೆಂಟನ್ನು ಇಳಿಸಿಬಿಡುತ್ತದೆ. ಉಳಿಯುವುದು ಫಾಲ್ಟ್ ಆದ ಕ್ಷಣ ಎರಡೂ ಕಡೆಗೆ ಓಡುವ ಅಲೆ, ಅಂದರೆ ಟ್ರಾವೆಲಿಂಗ್ ವೇವ್. ಓವರ್‌ಹೆಡ್ ಲೈನಿನಲ್ಲಿ ಅದರ ವೇಗ ಬೆಳಕಿನ ವೇಗಕ್ಕಿಂತ ಸ್ವಲ್ಪವೇ ಕಡಿಮೆ.

ನಾನು ಸಿಮ್ಯುಲೇಶನ್‌ನಲ್ಲಿ 1,000 ಕಿ.ಮೀ. ಉದ್ದದ ±500 ಕೆವಿ ಬೈಪೋಲ್ ಲೈನ್ (ಒಂದು ಪ್ಲಸ್, ಒಂದು ಮೈನಸ್ ಪೋಲ್ ಇರುವಂಥದ್ದು) ಕಟ್ಟಿಕೊಂಡು, ಅದೇ ಫಾಲ್ಟ್‌ಗಳನ್ನು ಬೇರೆಬೇರೆ ವಿಧಾನಗಳಿಗೆ ಕೊಟ್ಟು ನೋಡಿದೆ. (ಎರಡು ಪೋಲ್‌ಗಳು ಒಂದರ ಮೇಲೊಂದು ಪ್ರಭಾವ ಬೀರುವುದರಿಂದ ಮೊದಲು ಲೈನ್ ಮೋಡ್ (ಎರಡು ತಂತಿಗಳ ನಡುವೆ ಓಡುವ ಅಲೆ), ಗ್ರೌಂಡ್ ಮೋಡ್ (ತಂತಿ ಮತ್ತು ನೆಲದ ನಡುವೆ ಓಡುವ ಅಲೆ) ಬೇರ್ಪಡಿಸಿಕೊಳ್ಳಬೇಕು. ಗ್ರೌಂಡ್ ಮೋಡ್ ನಿಧಾನ, ಅದರ ಅಂಚೂ ಮೊಂಡು. ಅದನ್ನು ನಂಬಬೇಡಿ.)

ಒಂದು ತುದಿಯ ವಿಧಾನ ಅಗ್ಗ, ಸರಳ. ಬಾವಿಯೊಳಗೆ ಕೂಗಿ ಪ್ರತಿಧ್ವನಿಗೆ ಕಾಯುವ ಹಾಗೆ. ಮೊದಲ ಅಲೆ ಬಂದ ಮೇಲೆ, ಅದು ಫಾಲ್ಟ್‌ಗೆ ಹೋಗಿ ತಿರುಗಿ ಬರುವವರೆಗಿನ ಸಮಯ ನೋಡಿ, ವೇಗದಿಂದ ಗುಣಿಸಿ, ಅರ್ಧ ಮಾಡಿದರೆ ದೂರ ಸಿಕ್ಕಿತು. ಗಡಿಯಾರ ಹೊಂದಿಸುವ ತಲೆನೋವಿಲ್ಲ. ತೊಂದರೆ ಇರುವುದು ಎರಡನೇ ಅಲೆ ಯಾವುದು ಎಂದು ಗುರುತಿಸುವುದರಲ್ಲಿ. ಫಾಲ್ಟ್ 300 ಕಿ.ಮೀ.ನಲ್ಲಿದ್ದರೆ ಎರಡನೆಯದಾಗಿ ಬರುವುದು ಫಾಲ್ಟ್‌ನಿಂದ ತಿರುಗಿದ ಅಲೆ. 700 ಕಿ.ಮೀ.ನಲ್ಲಿದ್ದರೆ ಆಚೆ ತುದಿಗೆ ಬಡಿದು ಫಾಲ್ಟ್ ದಾಟಿ ಬಂದ ಅಲೆ. ಎರಡರಲ್ಲೂ ಅಂತರ ಒಂದೇ, ಸುಮಾರು 2 ಮಿಲಿಸೆಕೆಂಡ್! ಬೇರೆ ಮಾಡಲು ಪೋಲಾರಿಟಿ, ಅಂದರೆ ಅಲೆ ಪ್ಲಸ್ಸೋ ಮೈನಸ್ಸೋ ಎಂದು ನೋಡಬೇಕು. ತುದಿಯಲ್ಲಿ ದೊಡ್ಡ ರಿಯಾಕ್ಟರ್ (ಕರೆಂಟು ಥಟ್ಟನೆ ಬದಲಾಗದಂತೆ ತಡೆಯುವ ಸುರುಳಿ) ಇದ್ದರೆ, ಫಾಲ್ಟ್‌ನಿಂದ ತಿರುಗಿದ ವೋಲ್ಟೇಜ್ ಅಲೆ ಮೊದಲನೆಯದಕ್ಕೆ ಉಲ್ಟಾ ಬರುತ್ತದೆ. ಆಚೆ ತುದಿಯದು ಅದೇ ಪೋಲಾರಿಟಿಯಲ್ಲಿ ಬರುತ್ತದೆ.

ನೆಲಕ್ಕೆ ಗಟ್ಟಿಯಾಗಿ ತಾಗಿದ ಫಾಲ್ಟ್‌ನಲ್ಲಿ ಇದು ಚೆನ್ನಾಗಿ ನಡೆಯಿತು. ಫಾಲ್ಟ್ ರೆಸಿಸ್ಟೆನ್ಸ್ ಏರಿಸಿದಾಗ ಬಣ್ಣ ಬಯಲಾಯಿತು. ಸರ್ಜ್ ಇಂಪೆಡೆನ್ಸ್ (ಓಡುವ ಅಲೆಗೆ ಲೈನ್ ಒಡ್ಡುವ ತಡೆ) 300 ಓಮ್ ಎಂದುಕೊಳ್ಳಿ. ಫಾಲ್ಟ್‌ನಲ್ಲಿ 150 ಓಮ್ ಇದ್ದರೆ ಅಲೆಯ ಅರ್ಧ ಮಾತ್ರ ತಿರುಗುತ್ತದೆ, ಇನ್ನರ್ಧ ದಾಟಿಹೋಗುತ್ತದೆ. ರೆಸಿಸ್ಟೆನ್ಸ್ ಇನ್ನೂ ಜಾಸ್ತಿಯಾದರೆ ನಮಗೆ ಬೇಕಾದ ಅಲೆ ಗದ್ದಲದಲ್ಲಿ ಮುಳುಗುತ್ತದೆ. ಫಾಲ್ಟ್ ಲೈನಿನ ನಡುವೆ ಇದ್ದರಂತೂ ಎರಡು ಅಲೆಗಳೂ ಒಟ್ಟೊಟ್ಟಿಗೆ ಬಂದು ಒಂದರೊಳಗೊಂದು ಸೇರಿಬಿಡುತ್ತವೆ.

ಎರಡು ತುದಿಯ ವಿಧಾನಕ್ಕೆ ಈ ಗೋಜಿಲ್ಲ. ಎರಡೂ ಕಡೆ ಮೊದಲ ಅಲೆ ಬಂದ ಸಮಯ ಸಾಕು. ಆ ಎರಡು ಸಮಯಗಳ ವ್ಯತ್ಯಾಸವನ್ನು ವೇಗದಿಂದ ಗುಣಿಸಿ ಅರ್ಧ ಮಾಡಿದರೆ, ಫಾಲ್ಟ್ ಲೈನಿನ ನಡುಬಿಂದುವಿನಿಂದ ಎಷ್ಟು ದೂರ ಎಂದು ತಿಳಿಯುತ್ತದೆ. ಮೊದಲ ಅಲೆ ಉಳಿದವುಗಳಿಗಿಂತ ಬಲವಾಗಿರುತ್ತದೆ, ಆದ್ದರಿಂದ ರೆಸಿಸ್ಟೆನ್ಸ್ ಏರಿದರೂ ಸಿಗುತ್ತದೆ. ಆದರೆ ಇದು ಪೂರ್ತಿ ಗಡಿಯಾರದ ಮೇಲೆ ನಿಂತಿದೆ. 1 ಮೈಕ್ರೋಸೆಕೆಂಡ್ ವ್ಯತ್ಯಾಸಕ್ಕೆ ಸುಮಾರು 150 ಮೀಟರ್ ತಪ್ಪು. ಜಿಪಿಎಸ್ ಸರಿಯಿದ್ದಾಗ ಇದು ದೊಡ್ಡ ವಿಷಯವಲ್ಲ. ಜಿಪಿಎಸ್ ಹೋಗಿ ಗಡಿಯಾರ 1 ಮಿಲಿಸೆಕೆಂಡ್ ಜಾರಿದರೆ 150 ಕಿ.ಮೀ. ತಪ್ಪು! ಅಂಥ ಉತ್ತರ ಬರುವುದಕ್ಕಿಂತ ಉತ್ತರವೇ ಬರದಿರುವುದು ವಾಸಿ.

ನನಗೆ ಹೆಚ್ಚು ಹಿಡಿಸಿದ್ದು ವೇಗದ ತಪ್ಪಿನ ಲೆಕ್ಕ. ವೇಗವನ್ನು ಶೇ. 1ರಷ್ಟು ತಪ್ಪಾಗಿ ಕೊಟ್ಟರೆ, 100 ಕಿ.ಮೀ.ನಲ್ಲಿರುವ ಫಾಲ್ಟ್‌ಗೆ ಒಂದು ತುದಿಯ ವಿಧಾನ 1 ಕಿ.ಮೀ. ತಪ್ಪುತ್ತದೆ, ಎರಡು ತುದಿಯದು 4 ಕಿ.ಮೀ. ಲೈನಿನ ನಡುವೆ ಇದು ತಿರುವುಮುರುವು. ಅಲ್ಲಿ ಎರಡು ತುದಿಯದಕ್ಕೆ ವೇಗದಿಂದ ತಪ್ಪೇ ಬರುವುದಿಲ್ಲ, ಒಂದು ತುದಿಯದು 5 ಕಿ.ಮೀ. ತಪ್ಪುತ್ತದೆ. ಎರಡೂ ಸಮವಾಗುವುದು 250 ಕಿ.ಮೀ.ನಲ್ಲಿ, ಲೈನಿನ ಕಾಲು ಭಾಗದಲ್ಲಿ.

ಲೈನ್ ಮಾದರಿ ಇಟ್ಟುಕೊಂಡು ಎರಡೂ ತುದಿಯಿಂದ ವೋಲ್ಟೇಜ್ ಲೆಕ್ಕ ಹಾಕಿ, ಎಲ್ಲಿ ಹೊಂದುತ್ತದೋ ಅದೇ ಫಾಲ್ಟ್ ಎನ್ನುವ ವಿಧಾನವನ್ನೂ ನೋಡಿದೆ. ಇದಕ್ಕೆ 10 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್ (ಸೆಕೆಂಡಿಗೆ 10,000 ಅಳತೆ) ಕೂಡ ನಡೆಯುತ್ತದೆ, ಅದು ದೊಡ್ಡ ಅನುಕೂಲ. ಆದರೆ ಲೈನಿನ ಪ್ಯಾರಾಮೀಟರ್ ಪಕ್ಕಾ ಇರಬೇಕು, ಡೇಟಾವೂ ಸ್ವಲ್ಪ ಉದ್ದ ಬೇಕು. ಕೆಲವೇ ಮಿಲಿಸೆಕೆಂಡಿನಲ್ಲಿ ಬ್ರೇಕರ್ ತೆರೆಯುವ ಎಂಎಂಸಿ (ಮಾಡ್ಯುಲರ್ ಮಲ್ಟಿಲೆವೆಲ್ ಕನ್ವರ್ಟರ್) ಗ್ರಿಡ್‌ನಲ್ಲಿ ಅಷ್ಟು ಡೇಟಾ ಎಲ್ಲಿಂದ ಬರಬೇಕು? ಕೊನೆಗೆ, ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ ಆದ ನ್ಯೂರಲ್ ನೆಟ್‌ವರ್ಕ್‌ಗೂ ಫಾಲ್ಟ್‌ಗಳನ್ನು ಕೊಟ್ಟೆ. ಅದು ತಾನು ಕಲಿತ ಲೈನ್ ಮಾದರಿಯ ಮೇಲೆ ಮಿಂಚಿತು. ಕಂಡಕ್ಟರ್ ಎತ್ತರ ಬದಲಿಸಿದ ಮೇಲೆ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯವಾಗಿ ಕೊಟ್ಟಿತು.

ನನ್ನ ಆಯ್ಕೆ: ಎರಡೂ ತುದಿಯಲ್ಲಿ 1 ಮೆಗಾಹರ್ಟ್ಜ್ ರೆಕಾರ್ಡರ್. ಮೊದಲು ಎರಡು ತುದಿಯ ಉತ್ತರ. ಫಾಲ್ಟ್ ಯಾವುದಾದರೂ ತುದಿಯ ಕಾಲು ಭಾಗದೊಳಗಿದೆ ಎಂದು ಬಂದರೆ, ಆ ತುದಿಯ ರೆಕಾರ್ಡರ್‌ನ ಎರಡನೇ ಅಲೆಯಿಂದ ಮತ್ತೆ ಲೆಕ್ಕ. ಸರಿಸುಮಾರು ಜಾಗ ಗೊತ್ತಿರುವುದರಿಂದ ಈಗ ಆ ಅಲೆ ಯಾವುದೆಂಬ ಗೊಂದಲ ಬಹಳ ಕಡಿಮೆ. ಇನ್ನು ವೇಗವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ. ಲೈನಿನ ಹೊರಗೆ, ಕನ್ವರ್ಟರ್ ಕಡೆ ಏನಾದರೂ ಆದಾಗ ಅಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಸಾಗುತ್ತದೆ. ಲೈನಿನ ಉದ್ದವನ್ನು ಆ ಸಮಯದಿಂದ ಭಾಗಿಸಿದರೆ ನಿಮ್ಮ ಲೈನಿನದೇ ವೇಗ ಸಿಗುತ್ತದೆ.